ಪಂಪಿನ ಬಾಯಲ್ಲಿ ಮೀನು ನರಳದಂತೆ ನೀರೆತ್ತುವುದು ಹೇಗೆ

ಮೀನು ಬಿಟ್ಟ ಹೊಂಡದಲ್ಲಿ ಮೋಟರ್ ನೀರು ಎಳೆಯುತ್ತಿಲ್ಲ ಎಂದು ಫುಟ್‌ವಾಲ್ (ನೀರೆಳೆಯುವ ಪೈಪಿನ ತುದಿಯಲ್ಲಿರುವ ಜರಡಿಯುಳ್ಳ ಕವಾಟ) ಮೇಲೆತ್ತಿ ನೋಡಿದರೆ ಜರಡಿಗೆ ಪಾಚಿಯ ಜೊತೆ ನಾಲ್ಕಾರು ಮರಿ ಮೀನು ಅಂಟಿರುತ್ತವೆ. ಅವನ್ನು ಕಿತ್ತು ದಂಡೆಗೆ ಹಾಕಿ, ಜರಡಿ ತೊಳೆದು ಮತ್ತೆ ಇಳಿಬಿಡುವುದು ವಾಡಿಕೆ. ನಾಲ್ಕಾರು ಮರಿ ತಾನೆ, ಹೋದರೆ ಹೋಯಿತು ಎಂಬ ಲೆಕ್ಕ. ಈ ಲೆಕ್ಕದಲ್ಲಿ ದೊಡ್ಡದೊಂದು ಬಾಬತ್ತು ಬಿಟ್ಟುಹೋಗುತ್ತದೆ. ಜರಡಿಯವರೆಗೆ ಹೋಗಿ, ಒದ್ದಾಡಿ, ಹೇಗೋ ಬಿಡಿಸಿಕೊಂಡು ಬಂದ ಮೀನುಗಳನ್ನು ಯಾರೂ ಎಣಿಸುವುದಿಲ್ಲ. ಅವು ಅಂದೇ ಸಾಯುವುದಿಲ್ಲ. ಕೆಲವು ದಿನ ಮೇವು ಬಿಡುತ್ತವೆ, ಆಮೇಲೆ ಮೈಮೇಲೆ ಹತ್ತಿಯಂಥ ಬೂಷ್ಟು ಬೆಳೆದು ಒಂದೊಂದಾಗಿ ತೇಲುತ್ತವೆ. ಆಗ ಮೇವಿನ ಮೇಲೆ ಅನುಮಾನ, ನೀರಿನ ಮೇಲೆ ಅನುಮಾನ, ಮರಿ ಕೊಟ್ಟವರ ಮೇಲೂ ಅನುಮಾನ. ಹಿಂದಿನ ವಾರ ಓಡಿದ ಪಂಪು ಮಾತ್ರ ಯಾರ ನೆನಪಿಗೂ ಬರುವುದಿಲ್ಲ.

2014–15ರಲ್ಲಿ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಮಳೆಯಾಶ್ರಿತ ಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿದವು. ನೀರು ನಿಂತ ಮೇಲೆ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಬಿಡೋಣ ಅನ್ನಿಸುವುದು ಸಹಜ, ಬಿಡುವುದು ಒಳ್ಳೆಯದು ಕೂಡ. ಆದರೆ ಹೊಂಡ ತೋಡಿಸಿರುವುದು ಬೆಳೆಗಾಗಿ, ಮೋಟರ್ ಓಡಲೇಬೇಕು. ಬೆಳೆಗೆ ನೀರು ಕಡಿಮೆಯಾಗದಂತೆ, ಮೀನಿಗೂ ಹಿಂಸೆಯಾಗದಂತೆ ನೀರೆತ್ತಲು ಬರುತ್ತದೆ. ದೊಡ್ಡ ಖರ್ಚೇನಿಲ್ಲ. ಎಲ್ಲ ಉಪಾಯಗಳ ಬೇರು ಒಂದೇ: ನೀರು ಪೈಪಿನೊಳಗೆ ಎಷ್ಟು ಜೋರಾಗಿ ಬೇಕಾದರೂ ಹೋಗಲಿ, ಮೀನು ಇರುವ ಜಾಗದಲ್ಲಿ ಅದು ನಿಧಾನವಾಗಿ ಹರಿಯಬೇಕು.

ಪೈಪಿನ ಬಾಯಲ್ಲಿ ನಡೆಯುವುದೇನು

4 ಇಂಚಿನ ಪೈಪಿನಲ್ಲಿ ಸೆಕೆಂಡಿಗೆ 10 ಲೀಟರ್ ನೀರು ಹೋಗುತ್ತಿದೆ ಎಂದುಕೊಳ್ಳಿ. ಪೈಪಿನ ಬಾಯಲ್ಲಿ ನೀರಿನ ವೇಗ ಸೆಕೆಂಡಿಗೆ ಸುಮಾರು 1.25 ಮೀಟರ್ ಆಗುತ್ತದೆ. ಫುಟ್‌ವಾಲ್ ಜರಡಿಯ ತೂತುಗಳೆಲ್ಲ ಸೇರಿ ಪೈಪಿನ ಬಾಯಿಯ ಎರಡರಷ್ಟಿದ್ದರೂ ಪ್ರತಿ ತೂತಿನಲ್ಲಿ ಸೆಕೆಂಡಿಗೆ 60 ಸೆಂ.ಮೀ. ವೇಗ ಉಳಿಯುತ್ತದೆ. ಇನ್ನು ಮೀನಿನ ಶಕ್ತಿ ನೋಡಿ. ಮೀನು ದಣಿಯದೆ ಬಹಳ ಹೊತ್ತು ಈಜಬಲ್ಲ ವೇಗ, ಅಂದಾಜಿಗೆ, ಸೆಕೆಂಡಿಗೆ ತನ್ನ ಮೈಯುದ್ದದ ಎರಡು ಮೂರು ಪಟ್ಟು. 5 ಸೆಂ.ಮೀ. ಮರಿಗೆ ಅದು 10ರಿಂದ 15 ಸೆಂ.ಮೀ. ಪ್ರಾಣಭಯ ಬಂದರೆ ಇದಕ್ಕಿಂತ ಜೋರಾಗಿ ಹಾರುತ್ತದೆ, ನಿಜ, ಆದರೆ ಕೆಲವೇ ಸೆಕೆಂಡು. ಮೋಟರ್ ಗಂಟೆಗಟ್ಟಲೆ ಓಡುತ್ತದೆ.

ಮೀನಿನ ಮೈಯ ಎರಡೂ ಪಕ್ಕದಲ್ಲಿ ಕಿವಿರಿನಿಂದ ಬಾಲದವರೆಗೆ ಒಂದು ಗೆರೆ ಇರುತ್ತದೆ. ಇದೇ ಪಾರ್ಶ್ವ ರೇಖೆ. ನೀರಿನ ಅಲುಗಾಟವನ್ನು ಮೀನು ಇದರಿಂದ ಗ್ರಹಿಸುತ್ತದೆ. ಸೆಳೆತ ತಿಳಿದ ಕೂಡಲೇ ಮೀನು ತಲೆಯನ್ನು ಹರಿವಿಗೆ ಎದುರಾಗಿ ತಿರುಗಿಸಿ ಈಜತೊಡಗುತ್ತದೆ. ಅಂದರೆ ಪೈಪಿಗೆ ಬೆನ್ನು ಹಾಕಿ ನಿಲ್ಲುತ್ತದೆ. ಸೋತಾಗ ಹಿಂದಕ್ಕೆ ಜಾರಿ, ಬಾಲ ಮೊದಲಾಗಿ ಜರಡಿಗೆ ತಾಕುತ್ತದೆ. ಹುರುಪೆಗಳು ಬಾಲದ ಕಡೆ ಮಲಗಿರುತ್ತವಲ್ಲ, ಹಿಂದುಹಿಂದಕ್ಕೆ ಉಜ್ಜಿಕೊಂಡು ಹೋದಾಗ ಅವು ಎದ್ದು ಕಿತ್ತುಬರುತ್ತವೆ. ಅವುಗಳ ಮೇಲಿನ ಲೋಳೆಯೂ ಹೋಗುತ್ತದೆ. ಮೀನಿಗೆ ಲೋಳೆಯೇ ರಕ್ಷಾಕವಚ. ನೀರಿನಲ್ಲಿ ಯಾವಾಗಲೂ ಇರುವ ಸಪ್ರೋಲೆಗ್ನಿಯಾ ಎಂಬ ಬೂಷ್ಟೂ ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾವೂ ಒಳಹೊಗಲು ಕಾಯುವುದು ಇಂಥ ಸುಲಿದ ಜಾಗಕ್ಕೇ.

ಮೈ ತಾಕದೆ ತಪ್ಪಿಸಿಕೊಂಡ ಮೀನಿಗೂ ಪೆಟ್ಟು ಬಿದ್ದಿರುತ್ತದೆ. ಭಯವಾದಾಗ ಮೀನಿನ ರಕ್ತಕ್ಕೆ ಮೊದಲು ಅಡ್ರಿನಲಿನ್, ಹಿಂದೆಯೇ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳು ಇಳಿಯುತ್ತವೆ. ಸಕ್ಕರೆ ಏರುತ್ತದೆ, ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ, ಉಸಿರಾಟ ಜೋರಾಗುತ್ತದೆ. ಒಮ್ಮೆ ಆದರೆ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಎಲ್ಲ ತಹಬಂದಿಗೆ ಬರುತ್ತದೆ. ದಿನಾ ಅದೇ ಆದರೆ ಬರುವುದಿಲ್ಲ. ಕಾರ್ಟಿಸಾಲ್ ಏರಿಯೇ ಇದ್ದರೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ತಿಂದ ಮೇವು ಮಾಂಸವಾಗದೆ ಪ್ರಾಣ ಹಿಡಿದುಕೊಳ್ಳುವುದಕ್ಕೇ ಖರ್ಚಾಗುತ್ತದೆ. ಒಳ್ಳೆಯ ಮೇವು ಹಾಕಿದರೂ ಮೀನು ತೂಕಕ್ಕೆ ಬರುತ್ತಿಲ್ಲ ಎನ್ನುವವರು ಪಂಪಿನ ಬಾಯಿಯನ್ನೂ ಒಮ್ಮೆ ನೋಡಬೇಕು ಎನ್ನುವುದು ಇದಕ್ಕೇ.

ಹೆಜ್ಜೆ 1: ನಿಮ್ಮ ಪಂಪು ಎಷ್ಟು ನೀರು ಎಳೆಯುತ್ತದೆ?

ಎಚ್‌ಪಿ ನೋಡಿ ಹೇಳಲು ಆಗುವುದಿಲ್ಲ. ಅದೇ 5 ಎಚ್‌ಪಿ ಮೋಟರ್ ಎತ್ತರಕ್ಕೆ ಎತ್ತುವಾಗ ಕಡಿಮೆ ನೀರು ಕೊಡುತ್ತದೆ, ಹತ್ತಿರಕ್ಕೆ ಬಿಡುವಾಗ ಹೆಚ್ಚು. ಸುಲಭದ ದಾರಿ ಇದು: 200 ಲೀಟರಿನ ಖಾಲಿ ಡ್ರಮ್ ಅನ್ನು ನೀರು ಬೀಳುವ ಕಡೆ ಇಟ್ಟು, ಮೊಬೈಲಿನ ಗಡಿಯಾರದಲ್ಲಿ ತುಂಬುವ ಹೊತ್ತು ನೋಡಿ. 20 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 10 ಲೀಟರ್. ಎರಡು ಮೂರು ಸಲ ಅಳೆದು ಹೆಚ್ಚು ಬಂದದ್ದನ್ನೇ ಹಿಡಿಯಿರಿ. ಪೈಪ್‌ಲೈನಿನಲ್ಲಿ ಬೇರೆ ಬೇರೆ ಗೇಟ್‌ವಾಲ್ ಇದ್ದರೆ, ನೀರು ಅತಿ ಹೆಚ್ಚು ಬರುವ ಜಾಗದಲ್ಲಿ ಅಳೆಯಿರಿ.

ಹೆಜ್ಜೆ 2: ಫುಟ್‌ವಾಲ್ ಸುತ್ತ ಪಂಜರ

ಇಡೀ ಲೇಖನದಲ್ಲಿ ಒಂದನ್ನೇ ಮಾಡುತ್ತೇನೆ ಎನ್ನುವವರು ಇದನ್ನು ಮಾಡಿ.

ಅಮೆರಿಕದಲ್ಲಿ ವಿದ್ಯುತ್ ಸ್ಥಾವರಗಳು ನದಿ, ಸರೋವರಗಳಿಂದ ನೀರೆಳೆಯುವಾಗ ಮೀನು ಜಾಲರಿಗೆ ಅಂಟಿ ಸಾಯುವುದು ದೊಡ್ಡ ವಿವಾದವಾಗಿತ್ತು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2014ರಲ್ಲಿ ಹೊರಡಿಸಿದ ನಿಯಮ ಒಪ್ಪುವ ದಾರಿಗಳಲ್ಲಿ ಒಂದು, ಜಾಲರಿಯ ಮೂಲಕ ಹಾಯುವ ನೀರಿನ ವೇಗವನ್ನು ಸೆಕೆಂಡಿಗೆ ಅರ್ಧ ಅಡಿಗೆ, ಅಂದರೆ ಸುಮಾರು 15 ಸೆಂ.ಮೀ.ಗೆ ಮಿತಗೊಳಿಸುವುದು. ನಮ್ಮ ಹೊಂಡಗಳಲ್ಲಿ ಮರಿಗಳು ಚಿಕ್ಕವು, ಓಡಿಹೋಗಲು ಜಾಗವೂ ಕಡಿಮೆ. ಹಾಗಾಗಿ 10 ಸೆಂ.ಮೀ. ಎಂದು ಹಿಡಿಯುವುದು ಮೇಲು.

ಲೆಕ್ಕ ಕಷ್ಟವಿಲ್ಲ. ಸೆಕೆಂಡಿಗೆ 10 ಲೀಟರ್ ನೀರು 10 ಸೆಂ.ಮೀ. ವೇಗದಲ್ಲಿ ಹಾಯಲು ಒಂದು ಚದರ ಅಡಿಗಿಂತ ಚೂರು ಹೆಚ್ಚು ತೆರಪು ಬೇಕು. ಆದರೆ ಬಲೆಯಲ್ಲಿ ದಾರವೇ ಬಹಳ ಜಾಗ ತಿನ್ನುತ್ತದೆ. ಸಣ್ಣ ಕಣ್ಣಿನ ಬಲೆಯಲ್ಲಿ ನೂರಕ್ಕೆ 40 ಪಾಲು ಮಾತ್ರ ತೆರಪು ಎಂದು ಹಿಡಿದರೆ ಸುಮಾರು ಎರಡೂಮುಕ್ಕಾಲು ಚದರ ಅಡಿ ಬಲೆ ಬೇಕಾಗುತ್ತದೆ. ಪಾಚಿ, ಎಲೆ, ಕಸ ಕಟ್ಟಿಕೊಂಡು ಅರ್ಧ ಮುಚ್ಚಿಹೋದರೂ ನಡೆಯಬೇಕಲ್ಲ, ಅದಕ್ಕೆ ಅದನ್ನು ಇಮ್ಮಡಿ ಮಾಡಿ. ಹೀಗೆ ಪ್ರತಿ 10 ಲೀಟರಿಗೆ 6 ಚದರ ಅಡಿ ಬಲೆ ಎಂದು ನೆನಪಿಟ್ಟುಕೊಂಡರೆ ಸಾಕು.

ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಡಬ್ಬಿಯಾಕಾರದ ಚೌಕಟ್ಟು ಮಾಡಿ, ಅಡಿಭಾಗ ಬಿಟ್ಟು ಐದೂ ಮುಖಕ್ಕೆ ಬಲೆ ಕಟ್ಟಿದರೆ 11 ಚದರ ಅಡಿಗೂ ಹೆಚ್ಚು ಬಲೆ ಸಿಗುತ್ತದೆ. ಒಂದು ಇಂಚಿನ ಪಿವಿಸಿ ಪೈಪು, ಎಲ್ಬೋಗಳಿಂದ ಚೌಕಟ್ಟು ಮಾಡಬಹುದು. ಒಳಗೆ ನೀರು ತುಂಬಿಕೊಳ್ಳಲಿ ಎಂದು ಪೈಪಿಗೆ ತೂತು ಕೊರೆಯಿರಿ, ಇಲ್ಲದಿದ್ದರೆ ಚೌಕಟ್ಟು ತೇಲುತ್ತದೆ. ಅಡಿಭಾಗಕ್ಕೆ ಪ್ಲಾಸ್ಟಿಕ್ ಹಲಗೆ ಹಾಕಿ ಮುಚ್ಚಿ, ಕೆಳಗಿನ ಕೆಸರು ಎಳೆಯುವುದು ತಪ್ಪುತ್ತದೆ. ಫುಟ್‌ವಾಲ್ ಪಂಜರದ ನಟ್ಟನಡುವೆ ನಿಲ್ಲಬೇಕು, ಯಾವ ಮುಖಕ್ಕೂ ಅರ್ಧ ಅಡಿಗಿಂತ ಹತ್ತಿರ ಬರಬಾರದು. ಒಂದು ಪಕ್ಕಕ್ಕೆ ವಾಲಿಕೊಂಡರೆ ಆ ಮುಖದಲ್ಲೇ ಸೆಳೆತವೆಲ್ಲ ಸೇರಿ, ದೊಡ್ಡ ಪಂಜರ ಕಟ್ಟಿದ್ದಕ್ಕೆ ಪ್ರಯೋಜನವಿರುವುದಿಲ್ಲ. ಓಪನ್‌ವೆಲ್ ಸಬ್‌ಮರ್ಸಿಬಲ್ ಪಂಪ್ ಇಳಿಬಿಟ್ಟವರು ಪಂಪನ್ನೇ ಪೂರ್ತಿ ಪಂಜರದೊಳಗೆ ಇರಿಸಬೇಕು, ಅಳತೆ ಅದಕ್ಕೆ ತಕ್ಕಂತೆ ದೊಡ್ಡದಾಗಲಿ. ಅಂಥವರು ಕೇಬಲ್ ಜಾಯಿಂಟುಗಳನ್ನೂ ನೋಡಿಕೊಳ್ಳಿ. ನೀರಿಗೆ ಕರೆಂಟ್ ಸೋರಿದರೆ ಮೀನಿಗೂ ಅಪಾಯ, ನೀರಿಗಿಳಿಯುವ ಮನುಷ್ಯರಿಗೂ ಅಪಾಯ. ಕರೆಂಟ್ ಸೋರಿದ ಕೂಡಲೇ ತಾನೇ ಕಡಿದುಹಾಕುವ ಇಎಲ್‌ಸಿಬಿ ಸ್ವಿಚ್ ಹಾಕಿಸಿ.

ಹೆಜ್ಜೆ 3: ಬಲೆಯ ಕಣ್ಣು

ಬಲೆಯ ಕಣ್ಣು ಮೀನಿನ ತಲೆ ತೂರದಷ್ಟು ಚಿಕ್ಕದಿರಬೇಕು. ಮೀನು ಪೂರ್ತಿ ಹೊರಗುಳಿದರೆ ಸರಿ. ತಲೆ ತೂರಿ ಕಿವಿರಿನ ಹತ್ತಿರ ಸಿಕ್ಕಿಕೊಳ್ಳುವುದೇ ಎಲ್ಲಕ್ಕಿಂತ ಘೋರ: ಮುಂದಕ್ಕೂ ಹೋಗಲಾರದು, ಹಿಂದಕ್ಕೂ ಬರಲಾರದು. 8–10 ಸೆಂ.ಮೀ. ಇರುವ ಬಲಿತ ಬಿತ್ತನೆ ಮರಿ ಬಿಟ್ಟಿದ್ದರೆ 5–6 ಮಿ.ಮೀ. ಕಣ್ಣು ಸಾಕು. 2–3 ಸೆಂ.ಮೀ. ಮರಿಗಳಿಗೆ 2 ಮಿ.ಮೀ. ಬೇಕು. ಅದಕ್ಕಿಂತ ಚಿಕ್ಕ ಮರಿ ಇರುವ ಹೊಂಡದಿಂದ ಪಂಪು ಹಾಕಿ ನೀರು ತೆಗೆಯಲೇಬೇಡಿ. ಅವುಗಳಿಗೆ ಎದುರೀಜುವ ತ್ರಾಣವೇ ಇರುವುದಿಲ್ಲ, ಎಂಥ ಬಲೆ ಕಟ್ಟಿದರೂ ಹೋಗಿ ಅಂಟಿಕೊಳ್ಳುತ್ತವೆ. ನೀರು ತೆಗೆಯುವ ಹೊಂಡಕ್ಕೆ ಬಲಿತ ಮರಿಯನ್ನೇ ತಂದು ಬಿಡುವುದು ಇದಕ್ಕೂ ಒಳ್ಳೆಯದು, ಬದುಕುಳಿಯುವ ಲೆಕ್ಕಕ್ಕೂ ಒಳ್ಳೆಯದು.

ಕೋಳಿ ಜಾಲರಿ, ವೆಲ್ಡ್ ಮೆಶ್ ಮೊದಲೇ ಮನೆಯಲ್ಲಿದೆ ಎಂದು ಅದನ್ನೇ ಸುತ್ತುವವರು ಬಹಳ. ತಂತಿ ಕತ್ತರಿಸಿದ ತುದಿಗಳು ಮೀನಿನ ಮೈ ಸೀಳುತ್ತವೆ, ಪಾಲಿಥೀನ್ ಹಾಸಿದ ಹೊಂಡವಾದರೆ ಹಾಸನ್ನೂ ಸೀಳುತ್ತವೆ. ಹಾಪಾ (ನೀರಿನಲ್ಲಿ ಮರಿ ಸಾಕಲು ಕಟ್ಟುವ ಬಲೆಯ ತೊಟ್ಟಿ) ಹೊಲಿಯಲು ಬಳಸುವಂಥ ಗಂಟಿಲ್ಲದ ನೈಲಾನ್ ಬಲೆ ಮೃದುವಾಗಿರುತ್ತದೆ, ಮೀನು ತಾಕಿದರೂ ಲೋಳೆ ಕೀಳುವುದಿಲ್ಲ. ಕಟ್ಟುವಾಗ ಬಿಗಿಯಾಗಿ ಎಳೆದು ಕಟ್ಟಿ. ಸಡಿಲ ಬಿಟ್ಟರೆ ಪಂಪು ಓಡುವಾಗ ಬಲೆ ಒಳಕ್ಕೆ ಜೋತು ಫುಟ್‌ವಾಲಿಗೆ ಅಂಟಿಕೊಳ್ಳುತ್ತದೆ.

ಹೆಜ್ಜೆ 4: ಪಂಜರ ಎಲ್ಲಿ ನಿಲ್ಲಬೇಕು

ತಳದಲ್ಲಿ ಬೇಡ. ತಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಹೊಲಸು ಹೆಚ್ಚು. ಅಲ್ಲಿ ಪಂಪು ಎಳೆದರೆ ಕೂತ ಕೆಸರೆಲ್ಲ ಎದ್ದು ಕಿವಿರಿಗೆ ಸೇರುತ್ತದೆ. ತೀರಾ ಮೇಲೂ ಬೇಡ. ಫುಟ್‌ವಾಲ್ ಮೇಲೆ ಎರಡಡಿಯಾದರೂ ನೀರಿರಬೇಕು. ಇಲ್ಲದಿದ್ದರೆ ಸುಳಿ ಎದ್ದು ಪಂಪಿಗೆ ಗಾಳಿ ಹೋಗುತ್ತದೆ.

ಹೊಂಡದ ನೀರು ದಿನೇ ದಿನೇ ಇಳಿಯುವುದರಿಂದ ಪಂಜರವೂ ಜೊತೆಗೇ ಇಳಿಯಬೇಕು. 20 ಲೀಟರಿನ ಖಾಲಿ ಕ್ಯಾನುಗಳನ್ನು ಮುಚ್ಚಳ ಬಿಗಿದು ತೆಪ್ಪದಂತೆ ಕಟ್ಟಿ, ಪಂಜರವನ್ನು ಅದರಿಂದ ಇಳಿಬಿಟ್ಟು, ಪಂಪಿಗೆ ಬಾಗುವ ಸಕ್ಷನ್ ಹೋಸ್ ಜೋಡಿಸಿದರೆ ಆಯಿತು. ನೀರು ಎಷ್ಟೇ ಇಳಿದರೂ ಎರಡಡಿ ಆಳ ಹಾಗೇ ಉಳಿಯುತ್ತದೆ.

ಮೇವು ಹಾಕುವ ಮೂಲೆಯಲ್ಲಿ, ಮರದ ನೆರಳು ಬೀಳುವ ಕಡೆ, ನೀರು ಒಳಬರುವ ಕಡೆ ಪಂಜರ ಇಡಬೇಡಿ. ಮೀನು ಸೇರುವ ಜಾಗಗಳೇ ಅವು. ಕಾಲುವೆಯಿಂದ ನೀರೆತ್ತುವವರಾದರೆ ಜಾಲರಿಯನ್ನು ಹರಿವಿಗೆ ಅಡ್ಡಲಾಗಿ ನಿಲ್ಲಿಸಬಾರದು, ದಂಡೆಗೆ ಒತ್ತಿದಂತೆ ಹರಿವಿನ ಉದ್ದಕ್ಕೆ ನಿಲ್ಲಿಸಿ. ಆಗ ಕಾಲುವೆಯ ಹರಿವೇ ಮೀನನ್ನೂ ಕಸವನ್ನೂ ಜಾಲರಿಯ ಮುಂದಿನಿಂದ ದಾಟಿಸಿಕೊಂಡು ಹೋಗುತ್ತದೆ.

ಹೆಜ್ಜೆ 5: ನೂಲು ಕಟ್ಟಿ ಪರೀಕ್ಷಿಸಿ

ಉದ್ದನೆಯ ಬಿದಿರ ಕಡ್ಡಿಯ ತುದಿಗೆ ಒಂದು ಗೇಣು ಕೆಂಪು ಉಣ್ಣೆ ನೂಲು ಕಟ್ಟಿ. ಮೋಟರ್ ಓಡುತ್ತಿರುವಾಗ ನೀರು ತಿಳಿಯಾಗಿದ್ದರೆ ಆ ನೂಲನ್ನು ಪಂಜರದ ಪ್ರತಿ ಮುಖದ ಹತ್ತಿರ ಹಿಡಿದು ನೋಡಿ. ನೂಲು ಬಲೆಯ ಕಡೆ ಮೆಲ್ಲಗೆ ವಾಲಿದರೆ ಚೆನ್ನಾಗಿದೆ. ಬಾಣದ ಹಾಗೆ ನೆಟ್ಟಗಾಗಿ ಬಲೆಗೆ ಅಂಟಿಕೊಂಡರೆ ಆ ಮುಖದಲ್ಲಿ ಸೆಳೆತ ಹೆಚ್ಚಾಗಿದೆ ಎಂದರ್ಥ: ಫುಟ್‌ವಾಲ್ ಆ ಕಡೆ ವಾಲಿರಬಹುದು, ಇಲ್ಲವೆ ಬೇರೆ ಮುಖಗಳು ಮುಚ್ಚಿಹೋಗಿರಬಹುದು. ಇನ್ನೊಂದು ರೀತಿಯೂ ಇದೆ. ಪಂಜರದಿಂದ ಒಂದಡಿ ಈಚೆ ನೀರಿನೊಳಗೆ ಸ್ವಲ್ಪ ನೆನೆಸಿದ ತೌಡು ಬಿಡಿ. ಅದು ಬಲೆ ಮುಟ್ಟಲು ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರೆ ವೇಗ ಸೆಕೆಂಡಿಗೆ 10 ಸೆಂ.ಮೀ.ಗಿಂತ ಕಡಿಮೆ ಇದೆ.

ಪಾಚಿ ಕಟ್ಟುವುದು ಬೇಸಿಗೆಯಲ್ಲಿ ಬೇಗ. ಬಲೆಯ ಅರ್ಧ ಮುಚ್ಚಿದರೆ ಉಳಿದರ್ಧದಲ್ಲಿ ವೇಗ ಎರಡು ಪಟ್ಟಾಗುತ್ತದೆ. ವಾರಕ್ಕೊಮ್ಮೆ ಬ್ರಷ್ ಹಾಕಿ. ಮೊದಲು ಮೋಟರ್ ನಿಲ್ಲಿಸಿ, ಒಂದೆರಡು ನಿಮಿಷ ಬಿಡಿ, ಅಂಟಿದ ಮೀನೇನಾದರೂ ಇದ್ದರೆ ತಾನೇ ಬಿಡಿಸಿಕೊಂಡು ಹೋಗಲಿ. ಆಮೇಲೆ ಉಜ್ಜಿ. ಹೊಲಿದ ಇನ್ನೊಂದು ಬಲೆ ಕೈಯಲ್ಲಿದ್ದರೆ ಬದಲಿಸಿ ಹಾಕಿ, ತೆಗೆದದ್ದನ್ನು ಬಿಸಿಲಿಗೆ ಒಣಗಿಸಿದರಾಯಿತು. ಪಾಚಿ ತಾನೇ ಉದುರುತ್ತದೆ.

ಹೆಜ್ಜೆ 6: ಮೋಟರ್ ಯಾವಾಗ, ಹೇಗೆ

ಹೊಂಡದ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ಬೆಳಗಿನ ಜಾವ. ಹಗಲು ಆಮ್ಲಜನಕ ಬಿಟ್ಟ ಪಾಚಿಯೇ ರಾತ್ರಿಯಿಡೀ ಅದನ್ನು ಉಸಿರಾಡಿ ಮುಗಿಸಿರುತ್ತದೆ. ಗೆಂಡೆ ಜಾತಿಯ ಮೀನುಗಳಿಗೆ ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ನೆಮ್ಮದಿ, 3ಕ್ಕಿಂತ ಕೆಳಗಿಳಿದರೆ ಸಂಕಟ. ಆ ಹೊತ್ತಿನಲ್ಲಿ ಮೀನಿಗೆ ಸೆಳೆತದ ವಿರುದ್ಧ ಈಜುವ ಕಸುವು ಇರುವುದಿಲ್ಲ. ಬಿಸಿಲು ಏರಿದ ಮೇಲೆ ನೀರೆತ್ತುವುದು ಮೀನಿಗೆ ಕ್ಷೇಮ.

ಆದರೆ ತ್ರೀಫೇಸ್ ಕರೆಂಟ್ ನಮ್ಮ ಅನುಕೂಲ ಕೇಳಿ ಬರುವುದಿಲ್ಲ. ರಾತ್ರಿ ಪಾಳಿ ಇದ್ದವರು ಆಟೋ ಸ್ಟಾರ್ಟರ್ ಹಾಕಿ ಮಲಗುತ್ತಾರೆ. ಕರೆಂಟ್ ಬಂದ ಕೂಡಲೇ ಮೋಟರ್ ಪೂರ್ತಿ ರಭಸದಲ್ಲಿ ಶುರುವಾಗುತ್ತದೆ. ಗೆಂಡೆ ಜಾತಿಯ ಮೀನುಗಳ ಕಿವಿ ಬಹಳ ಸೂಕ್ಷ್ಮ. ಅವುಗಳ ಒಳಗಿವಿಗೂ ಗಾಳಿಚೀಲಕ್ಕೂ ನಡುವೆ ಪುಟ್ಟ ಮೂಳೆಗಳ ಸರಪಳಿ ಇದ್ದು, ಗಾಳಿಚೀಲ ಹಿಡಿದ ಕಂಪನವೆಲ್ಲ ಕಿವಿಗೆ ಮುಟ್ಟುತ್ತದೆ. ಎಡೆಬಿಡದೆ ಬರುವ ಸದ್ದಿಗೆ ಅವು ಸ್ವಲ್ಪಮಟ್ಟಿಗೆ ಹೊಂದಿಕೊಳ್ಳುತ್ತವೆ. ನಿಶ್ಶಬ್ದದಲ್ಲಿ ಒಮ್ಮೆಲೇ ಎದ್ದ ಸದ್ದು, ಸೆಳೆತಗಳಿಗೆ ಮಾತ್ರ ದಿಕ್ಕೆಟ್ಟು ನುಗ್ಗುತ್ತವೆ, ದಂಡೆಗೆ ಬಡಿದುಕೊಳ್ಳುತ್ತವೆ, ಕೆಲವೊಮ್ಮೆ ಹೊರಕ್ಕೂ ಹಾರುತ್ತವೆ. ಆಟೋ ಸ್ಟಾರ್ಟರ್ ತೆಗೆಯಲಾಗದವರು ಪಂಜರವನ್ನು ಲೆಕ್ಕಕ್ಕಿಂತ ಇನ್ನೂ ದೊಡ್ಡದು ಮಾಡಿ, ದಂಡೆಯ ಮೇಲಿನ ಮೋಟರಿನ ಕೆಳಗೆ ದಪ್ಪ ರಬ್ಬರ್ ಹಾಸಿ. ಕೈಯಾರೆ ಹಾಕುವವರು ದಂಡೆಯ ಮೇಲಿನ ಸೆಂಟ್ರಿಫ್ಯೂಗಲ್ ಪಂಪನ್ನು ಡೆಲಿವರಿ ಗೇಟ್‌ವಾಲ್ ಮುಚ್ಚಿ ಶುರು ಮಾಡಿ, ಒಂದು ನಿಮಿಷದೊಳಗೆ ನಿಧಾನವಾಗಿ ತೆರೆಯಿರಿ. ಮೀನಿಗೆ ದೂರ ಸರಿಯಲು ಸಮಯ ಸಿಗುತ್ತದೆ, ಮೋಟರಿಗೂ ಹೊರೆ ಕಡಿಮೆ.

ನಿಲ್ಲಿಸುವಾಗಲೂ ಒಂದು ಅಪಾಯವಿದೆ, ಇದನ್ನು ಬಹಳ ಜನ ಗಮನಿಸಿರುವುದಿಲ್ಲ. ಡ್ರಿಪ್ಪಿನಲ್ಲಿ ಯೂರಿಯಾ, ಔಷಧಿ ಬಿಡುವವರ ಫುಟ್‌ವಾಲ್ ಸೋರುತ್ತಿದ್ದರೆ, ಮೋಟರ್ ನಿಂತ ಕೂಡಲೇ ಪೈಪಿನಲ್ಲಿದ್ದ ಗೊಬ್ಬರದ ನೀರು ಹಿಂದಕ್ಕೆ ಹರಿದು ಹೊಂಡಕ್ಕೇ ಇಳಿಯುತ್ತದೆ. ಪಂಪು ದಾಟಿದ ಮೇಲೆ, ಗೊಬ್ಬರ ಸೇರುವ ಜಾಗಕ್ಕಿಂತ ಮೊದಲು, ಒಂದು ನಾನ್ ರಿಟರ್ನ್ ವಾಲ್ವ್ ಕಡ್ಡಾಯವಾಗಿ ಇರಲಿ.

ಎಷ್ಟು ನೀರು ತೆಗೆಯಬಹುದು ಎಂಬ ಅಂದಾಜೂ ಬೇಕು. ಮೇಲೆ 21 ಮೀಟರ್ ಚೌಕ, ಕೆಳಗೆ 12 ಮೀಟರ್ ಚೌಕ, 3 ಮೀಟರ್ ಆಳದ ಹೊಂಡ ತುಂಬಿದಾಗ ಸುಮಾರು 8.4 ಲಕ್ಷ ಲೀಟರ್. ನೀರು ಅರ್ಧ ಆಳಕ್ಕೆ ಇಳಿದಾಗ ಅರ್ಧ ನೀರು ಉಳಿದಿದೆ ಅನ್ನಿಸುತ್ತದೆ. ದಂಡೆ ಇಳಿಜಾರಾಗಿರುವುದರಿಂದ ನಿಜಕ್ಕೂ ಉಳಿದಿರುವುದು 3 ಲಕ್ಷ ಲೀಟರ್ ಆಸುಪಾಸು, ಮೂರರಲ್ಲಿ ಒಂದು ಪಾಲಿಗಿಂತ ಚೂರು ಹೆಚ್ಚು. ಸೆಕೆಂಡಿಗೆ 10 ಲೀಟರ್ ಎಳೆಯುವ ಪಂಪು 15 ಗಂಟೆಯಲ್ಲಿ ಅಲ್ಲಿಗೆ ತಂದು ನಿಲ್ಲಿಸುತ್ತದೆ. ಮೀನು ಮಾತ್ರ ಅಷ್ಟೇ ಇರುತ್ತವೆ, ಅಂದರೆ ಒತ್ತೊತ್ತಾಗಿ, ಪಂಜರಕ್ಕೆ ಹತ್ತಿರವಾಗಿ ಇರುತ್ತವೆ. ಅರ್ಧ ಆಳಕ್ಕೆ ಬಂದಾಗ ದೊಡ್ಡ ಮೀನು ಹಿಡಿದು ಮಾರಿಬಿಡುವುದು ಜಾಣತನ.

ನೀರು ಒಳಬರುವ ಬಾಯಿ

ಹೊರಹೋಗುವ ಬಾಯಿಯಷ್ಟೇ ಒಳಬರುವ ಬಾಯಿಯೂ ಮೀನಿಗೆ ಮುಖ್ಯ. ಮಲೆನಾಡಿನವರಿಗೆ ಹತ್ತುಮೀನಿನ ವಿಷಯ ಹೇಳಬೇಕಾಗಿಲ್ಲ. ಮುಂಗಾರಿನ ಮೊದಲ ಹೊಸನೀರು ಹರಿದಾಗ ಮೀನುಗಳು ಮೊಟ್ಟೆಯಿಡಲು ಹರಿವಿಗೆ ಎದುರಾಗಿ ಗದ್ದೆಯ ಕಂಡಿಗಳವರೆಗೂ ಹತ್ತಿ ಬರುತ್ತವೆ. ಹೊಂಡದ ಮೀನಿಗೂ ಆ ಸ್ವಭಾವ ಹೋಗಿಲ್ಲ. ಹೊಸ ನೀರು ಬೀಳುವ ಕಡೆಗೆ ಗುಂಪುಗೂಡಿ ನುಗ್ಗುತ್ತವೆ. ಹಾಗಾಗಿ ಅಲ್ಲಿ ಬೀಳುವ ನೀರು ಕೆಟ್ಟದ್ದಾದರೆ ಹೊಂಡದ ಮೀನೆಲ್ಲ ಅದರ ಎದುರಿಗೇ ಬಂದು ನಿಂತಿರುತ್ತವೆ.

ಬೋರ್‌ವೆಲ್ ನೀರು ಕಣ್ಣಿಗೆ ಶುದ್ಧ. ಆದರೆ ನೆಲದಾಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇರಬಹುದು. ಇಂಗಾಲದ ಡೈಆಕ್ಸೈಡ್ ಹೆಚ್ಚಿರಬಹುದು. ಕೆಲವು ಕಡೆ ಕಬ್ಬಿಣದ ಅಂಶವಿದ್ದು, ಗಾಳಿ ತಾಕಿದಾಗ ತುಕ್ಕುಬಣ್ಣದ ಗಸಿಯಾಗಿ ಕಿವಿರಿನ ಮೇಲೆ ಕೂರುತ್ತದೆ. ಪೈಪಿನ ತುದಿಯನ್ನು ನೀರಿನೊಳಗೆ ಮುಳುಗಿಸಿ ಬಿಡುವುದು ಇದಕ್ಕೇ ತಪ್ಪು. ನೀರು ಮೂರು ನಾಲ್ಕಡಿ ಎತ್ತರದಿಂದ, ತೂತು ಕೊರೆದ ಒಂದೆರಡು ತಟ್ಟೆಗಳ ಮೂಲಕ ಸೋರಿ ಮಳೆಹನಿಯಂತೆ ಬೀಳಲಿ. ಆಮ್ಲಜನಕ ಸೇರುತ್ತದೆ, ಬೇಡದ ಅನಿಲ ಬಿಟ್ಟುಹೋಗುತ್ತದೆ. ಕಬ್ಬಿಣದ ನೀರಾದರೆ ಮೊದಲು ಚಿಕ್ಕ ಗುಂಡಿಯಲ್ಲಿ ಒಂದು ದಿನ ನಿಲ್ಲಿಸಿ, ತಿಳಿಯನ್ನು ಮಾತ್ರ ಬಿಡಿ.

ಇನ್ನೊಂದು ಅಪಾಯ ಗಾಳಿಗುಳ್ಳೆ ರೋಗ. ಸಕ್ಷನ್ ಪೈಪಿನ ಜಾಯಿಂಟ್ ಎಲ್ಲೋ ಗಾಳಿ ಎಳೆಯುತ್ತಿದ್ದರೆ, ಪಂಪಿನೊಳಗಿನ ಒತ್ತಡಕ್ಕೆ ಆ ಗಾಳಿ ನೀರಿನಲ್ಲಿ ಮಿತಿಮೀರಿ ಕರಗುತ್ತದೆ. ಅಂಥ ನೀರು ಮೀನಿನ ಮೈಸೇರಿದ ಮೇಲೆ ಅನಿಲ ಮತ್ತೆ ಗುಳ್ಳೆಯಾಗಿ ಬಿಡುಗಡೆಯಾಗುತ್ತದೆ: ರೆಕ್ಕೆಗಳಲ್ಲಿ, ಕಣ್ಣಿನ ಸುತ್ತ, ಕಿವಿರಿನ ರಕ್ತನಾಳಗಳಲ್ಲಿ. ಸತ್ತ ಮರಿಯ ರೆಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕಾಣುತ್ತವೆ. ಪ್ರತಿ ಮೀಟರ್ ಆಳಕ್ಕೆ ಸುಮಾರು ನೂರಕ್ಕೆ 10ರಷ್ಟು ಹೆಚ್ಚುವರಿ ಅನಿಲ ಕರಗಿಯೇ ಉಳಿಯುವುದರಿಂದ ದೊಡ್ಡ ಮೀನು ಕೆಳಗಿಳಿದು ಪಾರಾಗಬಹುದು. ಆಳವಿಲ್ಲದ ಮರಿ ತೊಟ್ಟಿಯಲ್ಲಿರುವುದಕ್ಕೆ ಆ ದಾರಿಯಿಲ್ಲ. ಸಕ್ಷನ್ ಜಾಯಿಂಟುಗಳನ್ನು ಬಿಗಿಗೊಳಿಸಿ. ಮೇಲೆ ಹೇಳಿದ ತೂತಿನ ತಟ್ಟೆ ಇದಕ್ಕೂ ಮದ್ದು.

ಕಾಲುವೆ ನೀರು, ಹೊಲದಿಂದ ಹರಿದುಬರುವ ಮಳೆನೀರು ಬಿಡುವವರು ಮೊದಲ ಮಳೆಯ ನೀರನ್ನು ಬೇರೆ ಕಡೆ ತಿರುಗಿಸಿ. ಹೊಲಕ್ಕೆ ಹೊಡೆದ ಔಷಧಿ, ಸಡಿಲ ಮಣ್ಣು ಎಲ್ಲ ಅದರಲ್ಲೇ ಬರುವುದು. ಒಳಬಾಯಿಗೂ ಬಲೆಯ ಚೀಲ ಕಟ್ಟಿ. ಇಲ್ಲದಿದ್ದರೆ ಜಿಲೇಬಿ (ತಿಲಾಪಿಯಾ) ಮೀನಿನ ಮರಿ ನುಗ್ಗಿ ವರ್ಷದೊಳಗೆ ಹೊಂಡ ತುಂಬಾ ಅವೇ ಆಗುತ್ತವೆ. ಕೊರವ ಸೇರಿಕೊಂಡರೆ ನಿಮ್ಮ ಮರಿಗಳನ್ನೇ ತಿಂದು ಬೆಳೆಯುತ್ತದೆ.

ಮೀನೇ ಹೇಳುವ ಗುರುತುಗಳು

ತಿಂಗಳಿಗೊಮ್ಮೆ ಬಲೆ ಬೀಸಿ ತೂಕ ನೋಡುವಾಗ ಒಂದೊಂದು ಮೀನನ್ನೂ ಒದ್ದೆ ಕೈಯಲ್ಲಿ ಹಿಡಿದು ಎರಡೂ ಮಗ್ಗುಲು ನೋಡಿ. ಜಾಲರಿಗೆ ಒತ್ತಿಹೋದ ಮೀನಿಗೆ ಗಾಯ ಹೆಚ್ಚಾಗಿ ಒಂದೇ ಮಗ್ಗುಲಲ್ಲಿ ಇರುತ್ತದೆ. ಹೊಸದಾದರೆ ಬಲೆಯ ಕಣ್ಣಿನದೇ ಅಚ್ಚು ಕೆಂಪಗೆ ಸಾಲಾಗಿ ಮೂಡಿರುತ್ತದೆ, ಹಳೆಯದಾದರೆ ಹುರುಪೆ ಹೋದ ಬೋಳು ತೇಪೆ. ರೋಗದ ಗಾಯ ಹಾಗೆ ಸಾಲು ಹಿಡಿದು ಬರುವುದಿಲ್ಲ. ಬಾಲದ ರೆಕ್ಕೆ ಹರಿದಿದ್ದರೆ ಅದೂ ಸೆಳೆತದ ಸಾಕ್ಷಿ. ಪಂಜರ ಎತ್ತಿದಾಗ ಬಲೆಯಲ್ಲಿ ಬಿಡಿ ಹುರುಪೆ ಸಿಕ್ಕಿಕೊಂಡಿವೆಯೇ ನೋಡಿ. ಸತ್ತ ಮೀನು ಒಂದೂ ಇಲ್ಲದಿದ್ದರೂ ಹುರುಪೆ ಇದ್ದರೆ ಬಲೆಗೆ ಉಜ್ಜಿಹೋದ ಮೀನುಗಳಿವೆ.

ಮೋಟರ್ ಓಡಿದ ಮಾರನೆಯ ದಿನ ಮೇವಿಗೆ ಎಷ್ಟು ಬೇಗ ಬರುತ್ತವೆ ಎಂಬುದನ್ನು ಗಮನಿಸುವುದು ಎಲ್ಲಕ್ಕಿಂತ ಸುಲಭ. ದಿನಾ ಚೀಲ ನೋಡಿದ ಕೂಡಲೇ ಓಡಿಬರುತ್ತಿದ್ದ ಮೀನು ಅಂದು ಆಳದಲ್ಲೇ ಉಳಿದು, ಮೇವು ಕೆಳಗಿಳಿದು ಹಾಳಾದರೆ ಹಿಂದಿನ ದಿನದ ಹೆದರಿಕೆ ಇನ್ನೂ ಹೋಗಿಲ್ಲ. ಅಂಥ ದಿನ ಮೇವು ಅರ್ಧ ಮಾಡಿ. ತಿನ್ನದೆ ಉಳಿದ ಮೇವು ಕೊಳೆತರೆ ಅಮೋನಿಯಾ ಏರಿ ಇನ್ನೊಂದು ಸಂಕಟ ಶುರುವಾಗುತ್ತದೆ.

ಹಳ್ಳ, ಹೊಳೆಯಿಂದ ನೀರೆತ್ತುವವರಿಗೆ

ಅಡಿಕೆ ತೋಟದವರು ಬೇಸಿಗೆಯಲ್ಲಿ ಹಳ್ಳದ ಗುಂಡಿಗೆ ಪಂಪು ಇಳಿಬಿಡುತ್ತಾರೆ. ಹರಿವು ನಿಂತ ಮೇಲೆ ಮೀನುಗಳಿಗೆ ಉಳಿಯುವ ಆಸರೆ ಆ ಗುಂಡಿಗಳು, ಹೊಳೆಯಲ್ಲಾದರೆ ಮಡುಗಳು. ಅಲ್ಲಿರುವ ಮೀನು ನಾವು ಬಿಟ್ಟದ್ದಲ್ಲ, ಸತ್ತರೆ ನಮ್ಮ ಲೆಕ್ಕದಲ್ಲಿ ನಷ್ಟವೂ ಕಾಣುವುದಿಲ್ಲ. ಆದರೆ ಮುಂದಿನ ಮಳೆಗಾಲಕ್ಕೆ ಹಳ್ಳವನ್ನೆಲ್ಲ ತುಂಬಬೇಕಾದ ಬೀಜದ ಮೀನು ಅವೇ. ಶೃಂಗೇರಿಯಲ್ಲಿ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ ತುಂಗೆಯ ಮೀನಿಗೆ ಕೈಯಾರೆ ತಿನ್ನಿಸುವ ಜನ ನಾವು. ಅದೇ ಆಸ್ಥೆ ತೋಟದ ಪಕ್ಕದ ಹಳ್ಳದ ಮೀನಿಗೂ ಸಲ್ಲಬೇಕು.

ಆದಷ್ಟೂ ಮಡುವನ್ನು ಬಿಟ್ಟು, ಪಕ್ಕದ ಮರಳಿನಲ್ಲಿ ಉಂಗುರ ಇಳಿಸಿದ ಬಾವಿಯಿಂದ ನೀರೆತ್ತಿ. ಮರಳೇ ಎಲ್ಲಕ್ಕಿಂತ ಒಳ್ಳೆಯ ಜಾಲರಿ. ನೀರು ಸೋಸಿ ಬರುತ್ತದೆ, ಮೀನಿಗೆ ಸೆಳೆತ ತಾಕುವುದೇ ಇಲ್ಲ. ಅದು ಆಗದಿದ್ದರೆ 2 ಮಿ.ಮೀ. ಕಣ್ಣಿನ ಬಲೆಯ ಪಂಜರ ಕಟ್ಟಿ, ಏಕೆಂದರೆ ಹಳ್ಳದಲ್ಲಿ ಎಲ್ಲ ಗಾತ್ರದ ಮರಿಗಳೂ ಇರುತ್ತವೆ. ಗುಂಡಿ ಬರಿದಾಗುವವರೆಗೆ ಓಡಿಸಬೇಡಿ, ಮೊಣಕಾಲುದ್ದ ನೀರಾದರೂ ಉಳಿಯಲಿ.

ಕೆರೆಯಲ್ಲಿ ಇಬ್ಬರು ಯಜಮಾನರಿದ್ದಾಗ

ಕೆರೆಯ ನೀರು ಅಚ್ಚುಕಟ್ಟಿನ ರೈತರದು, ಮೀನು ಗುತ್ತಿಗೆ ಹಿಡಿದವರದು. ಬೇಸಿಗೆಯಲ್ಲಿ ಜಗಳ ಹತ್ತುವುದು ಇಲ್ಲೇ. ಮರಿ ಬಿಡುವ ಮೊದಲೇ ಕೂತು ಮಾತಾಡಿ. ತೂಬಿನ ಹತ್ತಿರ ಒಂದು ಕಲ್ಲಿಗೆ ಬಣ್ಣ ಬಳಿದು, ನೀರು ಅಲ್ಲಿಗಿಳಿದ ಮೇಲೆ ಮೀನು ಹಿಡಿದು ಮುಗಿಸುವವರೆಗೆ ಪಂಪು ನಿಲ್ಲಿಸುವುದೆಂದು ಒಪ್ಪಿಕೊಳ್ಳಿ. ಪಂಜರದ ಖರ್ಚು ಗುತ್ತಿಗೆದಾರರದಾಗಲಿ, ಏಕೆಂದರೆ ಉಳಿಯುವ ಮೀನು ಅವರದು. ಬಲೆ ತೊಳೆಯುವುದು ದಿನಾ ಮೋಟರ್ ಹಾಕಲು ಬರುವ ರೈತರ ಕೆಲಸವಾಗಲಿ, ಏಕೆಂದರೆ ಕಸ ಕಟ್ಟಿದರೆ ನೀರು ಕಡಿಮೆಯಾಗುವುದು ಅವರಿಗೆ. ಕೋಡಿ ಬಿದ್ದಾಗ ಮೀನು ಹೋಗದಿರಲೆಂದು ಗುತ್ತಿಗೆದಾರರು ಅಡ್ಡ ಬಲೆ ಕಟ್ಟುವುದುಂಟು. ಅದರಲ್ಲಿ ಕಸ ತುಂಬಿದರೆ ಮೀನು ಅಲ್ಲಿಯೂ ಒತ್ತಿ ಸಾಯುತ್ತವೆ, ನೀರು ಕಟ್ಟಿಕೊಂಡು ಏರಿಗೂ ಅಪಾಯ. ದೊಡ್ಡ ಮಳೆಯ ರಾತ್ರಿ ಅದನ್ನು ನೋಡಿಕೊಳ್ಳುವವರು ಯಾರು, ಬಿಚ್ಚುವ ಅಧಿಕಾರ ಯಾರಿಗೆ ಎಂಬುದನ್ನೂ ಆ ಮಾತುಕತೆಯಲ್ಲೇ ಹೆಸರು ಹಿಡಿದು ಗೊತ್ತುಮಾಡಿಕೊಳ್ಳಿ.